ಕಣದ ಕಾವಲು ಯಾರ ಹೊಣೆ?



ಅರೇಬಿಕಾ ಕೊಯ್ಲು ಹತ್ತಿರ ಬಂದಿದೆ. ಅದರ ಬೆನ್ನಿಗೇ ಅಡಿಕೆ, ರೊಬಸ್ಟಾ, ಆಮೇಲೆ ಕರಿಮೆಣಸು. 2024 ಮತ್ತು 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಬೆಳೆಗಾರನಷ್ಟೇ ಕಳ್ಳನೂ ಸಂತೋಷಪಟ್ಟ. ಕಣದಲ್ಲಿ ಹರವಿದ ಚೆರ್ರಿ, ಅಂಗಳದಲ್ಲಿ ಒಣಗುವ ಅಡಿಕೆ ಬೆಳಗಾಗುವುದರೊಳಗೆ ಇನ್ನೊಬ್ಬರ ಚೀಲ ಸೇರೀತೆಂಬ ಭಯ ಈಗ ಎಲ್ಲರಲ್ಲೂ ಇದೆ.

ಆದ್ದರಿಂದಲೇ ಹಲವು ಸದಸ್ಯರು ಒಂದು ಸಲಹೆ ಮುಂದಿಟ್ಟಿದ್ದಾರೆ. ಸಂಘವೇ ಇನ್ನಷ್ಟು ಕಾವಲುಗಾರರನ್ನು ನೇಮಿಸಿ, ಕೊಯ್ಲಿನ ಕಾಲದಲ್ಲಿ ಸದಸ್ಯರ ಕಣಗಳಿಗೆ ಸರದಿಯಂತೆ ಕಳುಹಿಸಲಿ, ರಾತ್ರಿಗೆ ಇಷ್ಟೆಂದು ಸದಸ್ಯರು ಹಣ ಕಟ್ಟುತ್ತಾರೆ ಎಂಬುದು ಅದರ ಸಾರಾಂಶ. ಸಲಹೆಯ ಹಿಂದಿನ ಉದ್ದೇಶ ಒಳ್ಳೆಯದು. ಆದರೂ ಸಂಘ ಇದಕ್ಕೆ ಕೈಹಾಕಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣವನ್ನು ವಿವರಿಸುತ್ತೇನೆ.

ಸಂಸತ್ತು 2005ರಲ್ಲಿ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯನ್ನು ಮಾಡಿತು. 2006ರ ಮಾರ್ಚ್‌ನಿಂದ ಅದು ಜಾರಿಯಲ್ಲಿದೆ. ಇನ್ನೊಬ್ಬರ ಪ್ರಾಣ ಅಥವಾ ಆಸ್ತಿಯ ರಕ್ಷಣೆಗೆ ಕಾವಲುಗಾರರನ್ನು ಒದಗಿಸುವ ವ್ಯವಹಾರ ಮಾಡುವವರು ಸರ್ಕಾರದಿಂದ ಲೈಸೆನ್ಸ್ ಪಡೆಯಲೇಬೇಕು. ಪಡೆಯದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಲ್ಲಿ ಗಮನಿಸಬೇಕಾದ ಮಾತು 'ಇನ್ನೊಬ್ಬರಿಗೆ ಒದಗಿಸುವುದು' ಎಂಬುದು. ನಿಮ್ಮ ತೋಟಕ್ಕೆ ನೀವೇ ಆಳು ಇಟ್ಟು, ನಿಮ್ಮ ಚೆಕ್‌ರೋಲಿನಲ್ಲಿ ಹೆಸರು ಬರೆದು, ನೀವೇ ಸಂಬಳ ಕೊಟ್ಟು ಕಣ ಕಾಯಿಸಿದರೆ ಈ ಕಾಯ್ದೆಯ ಲೈಸೆನ್ಸ್ ಬೇಕಿಲ್ಲ. ಸಂಘದ ಗೋದಾಮನ್ನು ಸಂಘದ ನೌಕರ ಕಾಯುವುದಕ್ಕೂ ಬೇಕಿಲ್ಲ. ಅದೇ ನೌಕರನನ್ನು ಶುಲ್ಕ ಪಡೆದು ಸದಸ್ಯರ ಕಣಕ್ಕೆ ಕಳುಹಿಸಿದೆವೆನ್ನಿ. ಕೋಲು ಅದೇ, ಟಾರ್ಚು ಅದೇ, ಮನುಷ್ಯನೂ ಅವನೇ. ಆದರೆ ಕಾನೂನಿನ ಕಣ್ಣಿಗೆ ಸಂಘ ಭದ್ರತಾ ಸಂಸ್ಥೆಯಾಗುತ್ತದೆ.

'ಸಂಘವೆಂದರೆ ನಾವೇ ಅಲ್ಲವೇ? ನಮಗೆ ನಾವೇ ಕಾವಲು ಕೊಟ್ಟುಕೊಂಡರೆ ತಪ್ಪೇನು?' ಎಂದು ಕೇಳಬಹುದು. ಭಾವನೆಯ ಮಟ್ಟಿಗೆ ಇದು ಸರಿ. ಆದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನೋಂದಣಿಯಾದ ಸಂಘ ಸದಸ್ಯರಿಂದ ಬೇರೆಯಾದ ಒಂದು ಕಾನೂನುಬದ್ಧ ವ್ಯಕ್ತಿ. ಸಂಘದ ಆಸ್ತಿ ನಿಮ್ಮದಲ್ಲ, ನಿಮ್ಮ ಕಣ ಸಂಘದ್ದಲ್ಲ. ಲಾಭವಿಲ್ಲದೆ ಮಾಡುವುದು ವ್ಯವಹಾರವಲ್ಲವೆಂದು ವಾದಿಸಲೂಬಹುದು. ಆ ವಾದವನ್ನೇ ನಂಬಿ ಸಂಘದ ಕೊರಳನ್ನು ಕುಣಿಕೆಗೆ ಒಡ್ಡುವುದು ಜಾಣತನವಲ್ಲ.

ಹಾಗಾದರೆ ಲೈಸೆನ್ಸನ್ನೇ ಪಡೆಯೋಣವೇ? ಒಂದು ಜಿಲ್ಲೆಗೆ ಕಾಯ್ದೆ ಹೇಳುವ ಶುಲ್ಕ 5,000 ರೂಪಾಯಿ. ಅದು ದೊಡ್ಡ ಹೊರೆಯಲ್ಲ. ಹೊರೆ ಇರುವುದು ಮುಂದೆ. ಕಾವಲುಗಾರ 18ರಿಂದ 65 ವರ್ಷದೊಳಗಿನವನಾಗಿರಬೇಕು. ಅವನ ನಡತೆ ಹಾಗೂ ಪೂರ್ವಾಪರದ ಪರಿಶೀಲನೆ ಆಗಬೇಕು. ಕೇಂದ್ರದ ಮಾದರಿ ನಿಯಮಗಳಂತೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಕೊಡಬೇಕು. ಭಾವಚಿತ್ರವಿರುವ ಗುರುತುಚೀಟಿ, ರಿಜಿಸ್ಟರು, ಮೇಲ್ವಿಚಾರಕ, ಎಲ್ಲವೂ ಬೇಕು. ಮೂರು ತಿಂಗಳ ಕೊಯ್ಲಿಗಾಗಿ ಇಷ್ಟನ್ನು ಹೊರಲು ನಮ್ಮಂಥ ಸಣ್ಣ ಸಂಘಕ್ಕೆ ಸಾಧ್ಯವಿಲ್ಲ.

ನೆರೆಯ ಮಹಾರಾಷ್ಟ್ರ 1981ರಲ್ಲೇ ಬೇರೊಂದು ಕಾಯ್ದೆ ಮಾಡಿತು. ಏಜೆನ್ಸಿಗಳ ಮೂಲಕ ದುಡಿಯುವ ಕಾವಲುಗಾರರು ಅಲ್ಲಿ ಮಂಡಳಿಯೊಂದರಲ್ಲಿ ನೋಂದಣಿಯಾಗಬೇಕು. ಅವರ ಸಂಬಳ, ಸವಲತ್ತುಗಳನ್ನು ಕಾಯುವುದೇ ಅದರ ಉದ್ದೇಶ. ಅಲ್ಲಿಯೂ ಮಾಲೀಕನ ನೇರ ನೌಕರನನ್ನು ಹೊರಗಿಟ್ಟಿದ್ದಾರೆ. ಎರಡು ಕಾಯ್ದೆಗಳೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಕಾವಲುಗಾರ ಯಾರ ಆಳು?

ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಕೊಯ್ಲಿಗೆ ಆಳು ತರುವ ಮೇಸ್ತ್ರಿಯೇ 'ರಾತ್ರಿ ಕಾಯಲು ಇಬ್ಬರನ್ನು ಕಳಿಸುತ್ತೇನೆ, ಲೆಕ್ಕ ನನ್ನಲ್ಲಿ ಚುಕ್ತಾ ಮಾಡಿ' ಎನ್ನುತ್ತಾನೆ. ನಾವು ಹೂಂ ಎನ್ನುತ್ತೇವೆ. ಬಂದವರ ಹೆಸರು, ಊರು ನಮಗೆ ಗೊತ್ತಿರುವುದಿಲ್ಲ. ಹೀಗೆ ಕಾವಲಿಗೆ ಜನರನ್ನು ಒದಗಿಸುವುದನ್ನೇ ವ್ಯವಹಾರ ಮಾಡಿಕೊಂಡವನಿಗೆ ಕಚೇರಿ ಇಲ್ಲದಿದ್ದರೂ ಲೈಸೆನ್ಸ್ ಬೇಕು. ನಾಳೆ ಮಾಲು ಹೋದರೆ, ಅಥವಾ ಆ ಕಾವಲುಗಾರನೇ ಯಾರನ್ನಾದರೂ ಹೊಡೆದರೆ, ಠಾಣೆಯಲ್ಲಿ ನಿಮ್ಮ ಬಳಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯ ವಿಳಾಸವಾದರೂ ಗೊತ್ತಿರಬೇಡವೇ?

ಬಂದೂಕಿನ ವಿಷಯದಲ್ಲಿಯೂ ಒಂದು ಮಾತು. ಬೆಳೆ ರಕ್ಷಣೆಗೆಂದು ನಿಮ್ಮ ಹೆಸರಿನಲ್ಲಿರುವ ಕೋವಿಯನ್ನು ಲೈಸೆನ್ಸ್ ಇಲ್ಲದ ಕಾವಲುಗಾರನ ಕೈಗೆ ಕೊಟ್ಟು ಮಲಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದು ಅಪರಾಧ.

ಹಾಗೆಂದು ಸಂಘ ಕೈಕಟ್ಟಿ ಕೂರಬೇಕಿಲ್ಲ. ನನ್ನ ಸಲಹೆ ಇಷ್ಟು. ಸಾಧ್ಯವಿದ್ದ ಸದಸ್ಯರು ತಾವೇ ನೇರವಾಗಿ ಆಳು ನೇಮಿಸಿಕೊಳ್ಳಲಿ. ಹೆಸರು, ವಿಳಾಸ, ಭಾವಚಿತ್ರ ಪಡೆದು ಠಾಣೆಯಲ್ಲಿ ಪೂರ್ವಾಪರ ವಿಚಾರಿಸಲಿ. ಆ ಅರ್ಜಿ ಬರೆದುಕೊಡಲು ನಮ್ಮ ಕಚೇರಿ ಸಿದ್ಧವಿದೆ. ಅವನಿಗೆ ಕನಿಷ್ಠ ವೇತನ, ವಾರದ ರಜೆ ತಪ್ಪಿಸಬೇಡಿ. ಅರೆಹೊಟ್ಟೆಯ ಕಾವಲುಗಾರನಿಂದ ಯಾವ ಕಣವೂ ಉಳಿಯದು. ಏಜೆನ್ಸಿಯಿಂದ ಜನ ಪಡೆಯುವವರು ಮೊದಲು ಅದರ ಲೈಸೆನ್ಸ್ ಕೇಳಿ ನೋಡಲಿ, ನಮ್ಮ ಜಿಲ್ಲೆ ಅದರಲ್ಲಿ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ಓದಲಿ.

ಸಂಘದ ಪಾಲಿನ ಕೆಲಸ ಬೇರೆ ಇದೆ. ಕೊಯ್ಲಿನ ದಿನಗಳಲ್ಲಿ ಗೋದಾಮನ್ನು ಸಂಜೆ ತಡವಾಗಿಯೂ ತೆರೆದಿಟ್ಟು, ಒಣಗಿದ ಮಾಲನ್ನು ಅಂದಂದೇ ತೂಗಿ, ರಸೀದಿ ಕೊಟ್ಟು ಒಳಗೆ ಸೇರಿಸಿಕೊಳ್ಳಬೇಕು. ಆ ರಸೀದಿಯ ಮೇಲೆ ಅಡಮಾನ ಸಾಲವೂ ಸಿಗುವಂತಾಗಬೇಕು. ಒಣಗಿದ ಮಾಲು ಕಣದಲ್ಲಿ ಮಲಗದಿದ್ದರೆ ಅರ್ಧ ಕಾವಲು ಮುಗಿದಂತೆಯೇ. ಇದಕ್ಕೆ ಬೇಕಾದ ಹೆಚ್ಚಿನ ಖರ್ಚನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುತ್ತೇನೆ. ಸದಸ್ಯರೆಲ್ಲರೂ ತಪ್ಪದೆ ಬಂದು ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ