ಕಾಗಿಣಾದಲ್ಲಿ ತೇಲದ ಊಟ
ಗೋವೆಯ ಮಾಂಡೋವಿ ನದಿಯಲ್ಲಿ ಸಂಜೆಯ ಹಡಗೇರಿ ಹಾಡು ಕೇಳುತ್ತ ಉಣ್ಣುವ ವಿಹಾರ ಬೇರೂರಿದ್ದರೂ, ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯಲ್ಲಿ ಹರಿದು ಭೀಮೆಯನ್ನು ಸೇರುವ ಕಾಗಿಣಾಕ್ಕೆ ಅದು ಒಗ್ಗುವಂಥದ್ದಲ್ಲ. ಬೇಸಿಗೆಯಲ್ಲಿ ನೀರಿಳಿದು ಹಾಸುಬಂಡೆ, ಅಂದರೆ ಪದರಪದರವಾಗಿ ಏಳುವ ಸುಣ್ಣಕಲ್ಲು, ಊರೂರಿಗೆ ಶಹಾಬಾದಿ ಫರಸಿಯಾಗಿ ಹೋಗುವ ಅದೇ ಕಲ್ಲು, ಮೇಲೇಳುತ್ತದೆ, ಮಳೆಗಾಲದಲ್ಲಾದರೋ ನೆರೆ ಮಳಖೇಡದ ಸೇತುವೆಯನ್ನು ಮುಳುಗಿಸಿ ಜಯತೀರ್ಥರ ವೃಂದಾವನವಿರುವ ಉತ್ತರಾದಿ ಮಠದೊಳಗೂ ನುಗ್ಗುತ್ತದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯನ್ನು ಕಂಡ ಈ ದಂಡೆಗೆ ತೇಲುವ ಖಾನಾವಳಿ ಇಲ್ಲವೆಂಬುದು ದೊಡ್ಡ ಕೊರತೆಯೇನಲ್ಲ. ಈ ಸೀಮೆಯ ರಾತ್ರಿಯ ಹಾಡು ನೆಲದ ಮೇಲಿನದು, ಕಡಕೋಳ ಮಡಿವಾಳಪ್ಪನಂಥ ಅನುಭಾವಿಗಳ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳಗಳೊಡನೆ ಹಾಡುವ ಭಜನೆಯದು, ಜೊತೆಗಿರುವ ಊಟವೂ ಖಡಕ್ ರೊಟ್ಟಿ, ಪುಂಡಿಪಲ್ಯದ್ದು.