ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಹತ್ತು ಹನ್ನೆರಡು ವರ್ಷ ದುಡಿದ ಮೇಜಿನ ಗಣಕಯಂತ್ರವೊಂದರ ಹಾರ್ಡ್ ಡಿಸ್ಕ್ ಕೆಟ್ಟಿತೆಂದರೆ, "ಇದರ ಕಾಲ ಮುಗಿಯಿತು, ಹೊಸದನ್ನೇ ತರಿಸಿರಿ" ಎಂಬ ಮಾತು ಒಡನೆಯೇ ಕೇಳಿಬರುವದು. ಈ ಮಾತು ವಿಚಾರಪೂರ್ವಕವಾದುದಲ್ಲವೆಂದು ನನ್ನ ನಮ್ರ ಅಭಿಪ್ರಾಯವು. ಒಂದು ಅಂಗವು ಕುಂದಿದ ಮಾತ್ರಕ್ಕೆ ಶರೀರವೆಲ್ಲವೂ ಸತ್ತಿತೆಂದು ಯಾವ ವೈದ್ಯರೂ ಹೇಳುವದಿಲ್ಲವಷ್ಟೆ.

೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಮೊದಲನೆಯ ಹಾರ್ಡ್ ಡಿಸ್ಕಿನಲ್ಲಿ ೫೦ ತಟ್ಟೆಗಳಿದ್ದು, ಅದು ೫೦ ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿತ್ತು. ಇಂದಿನದು ಅಂಗೈಯಗಲವಾದರೂ ಅದರ ಧರ್ಮವು ಅದೇ. ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸಾರಿ ತಿರುಗುವವು. ಸದಾ ತಿರುಗುವಂಥದು ಸವೆಯದೆ ಇರಲಾರದು. ಮದರ್ ಬೋರ್ಡು, ಪ್ರೊಸೆಸರು ಇವುಗಳಲ್ಲಾದರೋ ಚಲಿಸುವ ಭಾಗಗಳಿಲ್ಲ. ಡಿಸ್ಕು ಕೆಟ್ಟಾಗಲೂ ಅವು ಅನೇಕ ವೇಳೆ ಗಟ್ಟಿಯಾಗಿಯೇ ಉಳಿದಿರುವವು.

ಆದುದರಿಂದ ಕೆಟ್ಟ ಡಿಸ್ಕಿನ ಸ್ಥಾನದಲ್ಲಿ, ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯನ್ನು ಜೋಡಿಸತಕ್ಕದ್ದು. ಹಿಂದಿನ ಸಾಟಾ ಕೇಬಲುಗಳೇ ಇದಕ್ಕೂ ಸಾಕು. ಸಂಗಡಲೇ ರ್ಯಾಮನ್ನು ೪ ಜಿ.ಬಿ.ಯಿಂದ ೮ಕ್ಕೆ ಏರಿಸಿದರೆ ಯಂತ್ರವು ಮೊದಲಿಗಿಂತ ಚುರುಕಾಗುವದು. ಆದರೆ ಡಿ.ಡಿ.ಆರ್. ೩ ಬೇಡುವ ಬೋರ್ಡಿಗೆ ಡಿ.ಡಿ.ಆರ್. ೪ ಹೊಂದದೆಂಬುದನ್ನು ಕೊಳ್ಳುವ ಮುಂಚೆ ನೋಡಿಕೊಳ್ಳಬೇಕು. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ನಿಂತಿತು. ವಿಂಡೋಸ್ ೧೧ ಹಳೆಯ ಪ್ರೊಸೆಸರುಗಳನ್ನು ಒಪ್ಪದು. ಅಂಥ ಯಂತ್ರಗಳಿಗೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಇದೆ. ಕನ್ನಡ ಬರೆಯುವದಕ್ಕೂ ಲೆಕ್ಕವಿಡುವದಕ್ಕೂ ಅದು ಧಾರಾಳವಾಗಿ ಸಾಕು. ಮದರ್ ಬೋರ್ಡೇ ಸುಟ್ಟಿದ್ದರೆ ಮಾತ್ರ ಹಟ ಹಿಡಿಯದೆ ಆ ಯಂತ್ರವನ್ನು ಬಿಟ್ಟುಕೊಡುವದೇ ಲೇಸು.

ಯಂತ್ರಕ್ಕಿಂತ ದೊಡ್ಡ ನಷ್ಟವೊಂದುಂಟು. ಡಿಸ್ಕನ್ನು ಹಣದಿಂದ ಕೊಳ್ಳಬಹುದು. ಅದರೊಳಗಿದ್ದ ಅಂಕಪಟ್ಟಿಗಳೂ ಹಳೆಯ ವಿದ್ಯಾರ್ಥಿನಿಯರ ಚಿತ್ರಗಳೂ ಯಾವ ಅಂಗಡಿಯಲ್ಲಿಯೂ ಸಿಕ್ಕವು. ಟಕಟಕನೆ ಸದ್ದು ಮಾಡುವ ಡಿಸ್ಕನ್ನು ಪುನಃ ಪುನಃ ಚಾಲೂ ಮಾಡುವದು ಅಪಾಯಕರವು. ಆರೋಗ್ಯವಿರುವಾಗಲೇ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಯೂ ಮತ್ತೊಂದನ್ನು ಬೇರೆ ಕಟ್ಟಡದಲ್ಲಿಯೂ ಇಡತಕ್ಕದ್ದು. ಕೆಟ್ಟ ಡಿಸ್ಕನ್ನು ಹಾಗೆಯೇ ಗುಜರಿಗೆ ಹಾಕುವದೂ ತರವಲ್ಲ. ಮಕ್ಕಳ ಹೆಸರು ವಿಳಾಸಗಳು ಅದರಲ್ಲಿ ಉಳಿದಿರಬಹುದು.

ಈ ಕೆಲಸವನ್ನು ಮಾಡತಕ್ಕವರು ಯಾರು? ಉಪಾಧ್ಯಾಯಿನಿಯರ ಮುಂದೆ ನಮ್ಮ ಹುಡುಗಿಯರೇ ಮಾಡಲಿ ಎನ್ನುವೆನು. ವಿದ್ಯುತ್ತಿನ ತಂತಿಯನ್ನು ಕಿತ್ತು, ಮೈಯ ಸ್ಥಿರವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಕೆಲವು ತಿರುಪುಗಳನ್ನೂ ಎರಡು ಕೇಬಲುಗಳನ್ನೂ ಬಿಚ್ಚಿ ಕೂಡಿಸುವದಷ್ಟೆ. ಸೂಜಿ ಹಿಡಿಯಬಲ್ಲ ಕೈಗೆ ಸ್ಕ್ರೂಡ್ರೈವರು ಭಾರವಾಗದು. ಯಂತ್ರದ ಒಳಗನ್ನು ಒಮ್ಮೆ ಕಂಡವಳು ಅದಕ್ಕೆ ಅಂಜುವದಿಲ್ಲ, ಅದರ ವಿಷಯದಲ್ಲಿ ಮೋಸಹೋಗುವದೂ ಇಲ್ಲ.

ಐದು ರೊಟ್ಟಿಗಳಿಂದ ಸಾವಿರಾರು ಜನರನ್ನು ತೃಪ್ತಿಪಡಿಸಿದ ಕರ್ತನೇ, ಮಿಕ್ಕ ತುಂಡುಗಳನ್ನು ಹಾಳಾಗಗೊಡದೆ ಹನ್ನೆರಡು ಪುಟ್ಟಿಗಳಲ್ಲಿ ಕೂಡಿಸಿಡಿಸಿದನು. ಕಾಣಿಕೆಯ ಹಣವನ್ನು ವೆಚ್ಚಮಾಡುವ ನಾವು ಮಿಕ್ಕದ್ದನ್ನು ಬಿಸಾಡುವ ಮುನ್ನ ಪೆಟ್ಟಿಗೆಯನ್ನು ಒಮ್ಮೆ ತೆರೆದಾದರೂ ನೋಡಬೇಡವೇ?