ತಲೆನೋವಿನ ಗುಳಿಗೆ ಅಲ್ಲ, ಗುಳಿಗೆಯ ತಲೆನೋವು!



ಯಾವ ನಾಯಕಿಗೆ ಯಾವ ನಾಯಕನ ಮೇಲೆ ಮುನಿಸು ಎಂಬ ಸುದ್ದಿ ಈ ವಾರ ಇಲ್ಲಿಲ್ಲ. ಅದು ಮುಂದಿನ ಪುಟಗಳಲ್ಲಿ ಬೇಕಾದಷ್ಟಿದೆ, ಓದಿಕೊಳ್ಳಿ! ಕಲಬುರಗಿ ಜಿಲ್ಲೆಯ ಮೂರು ಊರುಗಳಿಂದ ಮೂವರು ಒಂದೇ ವಿಷಯ ಕೇಳಿದ್ದಾರೆ. ಮೂವರೂ ಕೊನೆಯಲ್ಲಿ ‘ಹೆಸರು ಹಾಕಬ್ಯಾಡ್ರಿ’ ಎಂದಿದ್ದಾರೆ. ಹಾಕಿಲ್ಲ, ಹಾಕುವುದೂ ಇಲ್ಲ. ಆದರೆ ಪ್ರಶ್ನೆ ಮುಚ್ಚಿಡುವಂಥದ್ದಲ್ಲ.

ಆಳಂದದ ತಮ್ಮ ಕೇಳುತ್ತಾನೆ: ‘ಅಣ್ಣಾ, ಲಗ್ನ ಆಗಿ ಮೂರು ತಿಂಗಳಾತು. ಮನಸ್ಸಿದ್ರೂ ಮೈ ಮಾತು ಕೇಳಲಿಲ್ಲ. ಗೆಳ್ಯಾ ಒಂದು ಗುಳಿಗಿ ಕೊಟ್ಟ. ಕೆಲಸೇನೋ ಆತು. ಆದ್ರ ತಾಸೊತ್ತಿನ್ಯಾಗ ತಲಿ ಧಿಮಿ ಧಿಮಿ ಹೊಡಿಲತ್ತದ, ಮಾರಿ ಕೆಂಪಾಗ್ತದ, ಮೂಗು ಕಟ್ತದ. ಮನ್ಯಾಗ ಚಷ್ಮಾ ಮಾಡ್ಸು ಅಂತಾರ. ಏನ್ ಮಾಡ್ಲಿ?’

ತಮ್ಮಾ, ಚಷ್ಮಾದ ದುಡ್ಡು ಉಳಿಸು. ನಿನ್ನ ತಲೆನೋವಿಗೆ ಕಾರಣ ಕಣ್ಣಲ್ಲ, ಗುಳಿಗೆ!

ಅದರ ಹೆಸರು ಸಿಲ್ಡೆನಾಫಿಲ್ ಇರಬೇಕು. ಇದರ ಕಥೆಯೂ ಒಂದು ಸಿನಿಮಾದಂತೆಯೇ ಇದೆ. ಇಂಗ್ಲೆಂಡಿನಲ್ಲಿ ಸ್ಯಾಂಡ್‌ವಿಚ್ ಎಂಬ ಊರಿದೆ. (ತಿನ್ನುವ ಸ್ಯಾಂಡ್‌ವಿಚ್ ಅಲ್ಲ ಸ್ವಾಮಿ, ಊರಿನ ಹೆಸರೇ ಅದು!) ಅಲ್ಲಿ ಫೈಜರ್ ಕಂಪನಿಯ ವಿಜ್ಞಾನಿಗಳು ಎದೆನೋವಿಗೆಂದು ಈ ಔಷಧ ತಯಾರಿಸಿದರು. 1990ರ ದಶಕದ ಆರಂಭದಲ್ಲಿ ಪರೀಕ್ಷೆ ನಡೆದಾಗ ಎದೆನೋವಿಗೆ ಅದರ ಪ್ರಭಾವ ಅಷ್ಟಕ್ಕಷ್ಟೇ. ಆದರೆ ಗುಳಿಗೆ ನುಂಗಿದ ಗಂಡಸರು ಬೇರೊಂದು ಸುದ್ದಿ ಹೇಳಿದರು! ಸಹನಟನಾಗಿ ಬಂದವನು ನಾಯಕನಾಗಿಬಿಟ್ಟ. 1998ರ ಮಾರ್ಚ್ 27ರಂದು ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ‘ವಯಾಗ್ರ’ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು.

ತಲೆ ಯಾಕೆ ನೋಯುತ್ತದೆ? ಈ ಗುಳಿಗೆ ರಕ್ತನಾಳಗಳ ಬಿಗಿ ಸಡಿಲಿಸಿ ಅಗಲ ಮಾಡುತ್ತದೆ. ಬೇಕಾದ ಜಾಗಕ್ಕಷ್ಟೇ ಹೋಗು ಎಂದರೆ ಅದು ಕೇಳೀತೇ? ಮೈಯೆಲ್ಲ ಸುತ್ತುತ್ತದೆ. ಮುಖದ ನಾಳ ಅಗಲವಾದರೆ ಮುಖ ಕೆಂಪು, ಮೂಗಿನಲ್ಲಾದರೆ ಮೂಗು ಕಟ್ಟು, ತಲೆಯಲ್ಲಾದರೆ ನೋವು. ಔಷಧದ ಅಧಿಕೃತ ಮಾಹಿತಿ ಪತ್ರದಲ್ಲೇ ಲೆಕ್ಕವಿದೆ. 25 ಮಿ.ಗ್ರಾಂ. ನುಂಗಿದ 100 ಜನರಲ್ಲಿ 16 ಜನಕ್ಕೆ, 50 ಮಿ.ಗ್ರಾಂ. ನುಂಗಿದವರಲ್ಲಿ 21 ಜನಕ್ಕೆ, 100 ಮಿ.ಗ್ರಾಂ. ನುಂಗಿದವರಲ್ಲಿ 28 ಜನಕ್ಕೆ ತಲೆನೋವು. ಔಷಧವೇ ಇಲ್ಲದ ಸುಳ್ಳು ಗುಳಿಗೆ ನುಂಗಿದವರಲ್ಲಿ 7 ಜನಕ್ಕೆ ಮಾತ್ರ. ಆದ್ದರಿಂದ ತಮ್ಮಾ, ನೀನೊಬ್ಬನೇ ಅಲ್ಲ! ಸಾಮಾನ್ಯವಾಗಿ ಕೆಲವು ತಾಸಿನಲ್ಲಿ ನೋವು ತಾನಾಗಿ ಇಳಿಯುತ್ತದೆ. ಪದೇ ಪದೇ ಬಂದರೆ ಪ್ರಮಾಣ ಇಳಿಸಬೇಕೋ, ಔಷಧವನ್ನೇ ಬದಲಿಸಬೇಕೋ ಎಂದು ಹೇಳಬೇಕಾದವರು ಡಾಕ್ಟರು. ಗೆಳೆಯನಲ್ಲ.

ಈ ತಲೆನೋವಿಗೆ ನೂರು ವರ್ಷಕ್ಕೂ ಹಳೆಯ ನೆಂಟನೊಬ್ಬ ಇದ್ದಾನೆ. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಗೊತ್ತಲ್ಲ? ಅದರೊಳಗಿನ ಮದ್ದು ನೈಟ್ರೋಗ್ಲಿಸರಿನ್. ಅದನ್ನು ಮುಟ್ಟಿ ಕೆಲಸ ಮಾಡುವವರಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದೂ ರಜೆ ಮುಗಿಸಿ ಬಂದ ಸೋಮವಾರ ಹೆಚ್ಚು! ಅದೇ ನೈಟ್ರೋಗ್ಲಿಸರಿನ್ ಎದೆನೋವಿಗೆ ಔಷಧವೂ ಆಯಿತು. ನೊಬೆಲ್‌ಗೇ ಹೃದಯದ ಕಾಯಿಲೆ ಬಂದಾಗ ಡಾಕ್ಟರು ಅದನ್ನೇ ಬರೆದುಕೊಟ್ಟರು. ತಲೆ ನೋಯುತ್ತದೆಂದು ಬಲ್ಲ ಆತ ಬೇಡವೆಂದ. ರಕ್ತನಾಳ ಅಗಲವಾಗುವ ಗುಟ್ಟು ನೈಟ್ರಿಕ್ ಆಕ್ಸೈಡ್ ಎಂಬ ಅನಿಲದಲ್ಲಿದೆ ಎಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ ಅದೇ ನೊಬೆಲ್ ಹೆಸರಿನ ಬಹುಮಾನ ಬಂದದ್ದು 1998ರಲ್ಲಿ. ವಯಾಗ್ರ ಬಂದ ವರ್ಷವೇ! ಈ ನೆಂಟಸ್ತನ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಅಫಜಲಪುರದ ಧೀರ. ‘ಒಂದಕ್ಕ ತಲಿ ನೋಯ್ತದ, ನಡೀಲಿ. ಒಂದು ಕ್ವಾರ್ಟರ್ ಹಾಕಿ ಎರಡು ನುಂಗಿದ್ರ ಹ್ಯಾಂಗ?’ ಎನ್ನುತ್ತಾನೆ.

ಅಲ್ಲಪ್ಪಾ, ಸಿನಿಮಾ ಎರಡು ಸಲ ನೋಡಿದರೆ ಮಜಾ, ಗುಳಿಗೆ ಎರಡು ನುಂಗಿದರೆ ಸಜಾ! ಪ್ರಮಾಣ ಏರಿದಂತೆ ನೋವೂ ಏರುವುದನ್ನು ಮೇಲಿನ ಲೆಕ್ಕದಲ್ಲೇ ನೋಡಿದೆಯಲ್ಲ. ಸೆರೆಯೂ ರಕ್ತದೊತ್ತಡ ಇಳಿಸುತ್ತದೆ, ಗುಳಿಗೆಯೂ ಇಳಿಸುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳಬಹುದು. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಇದನ್ನು ತೆಗೆದುಕೊಳ್ಳುವಂತಿಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರುವಂತೆಯೂ ಇಲ್ಲ. ಗೋಡೆಯ ಮೇಲೆ ಚೀಟಿ ಅಂಟಿಸಿ ‘ಬರೀ ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲ’ ಎನ್ನುವವರ ಹತ್ತಿರವೂ ಹೋಗಬೇಡ. ಅಂಥ ಜಾಹೀರಾತಿಗೆ 1954ರ ಕಾಯ್ದೆಯಲ್ಲೇ ನಿಷೇಧವಿದೆ. ಗಿಡಮೂಲಿಕೆ ಎಂದು ಮಾರುವ ಪುಡಿಯಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಗಂಡಸಿಗೆ ಇದು ಅವಮಾನ ಅಂತೀರಾ? 2017ರ ಹಿಂದಿ ಚಿತ್ರ ‘ಶುಭ್ ಮಂಗಲ್ ಸಾವಧಾನ್’ ನೋಡಿ. ನಾಯಕ ಆಯುಷ್ಮಾನ್ ಖುರಾನಾಗೆ ಇದೇ ತೊಂದರೆ! ನಿರ್ದೇಶಕ ಆರ್.ಎಸ್. ಪ್ರಸನ್ನ ಅದನ್ನೇ 2013ರಲ್ಲಿ ತಮಿಳಿನಲ್ಲಿ ‘ಕಲ್ಯಾಣ ಸಮಯಲ್ ಸಾದಂ’ ಎಂದು ತೆಗೆದಿದ್ದರು. ತೆರೆಯ ಮೇಲಿನ ನಾಯಕನೇ ಒಪ್ಪಿಕೊಂಡ ಮೇಲೆ ನಮಗೇನು ಬಿಗುಮಾನ? ಹರೆಯದವರಲ್ಲಿ ಎಷ್ಟೋ ಸಲ ಇದಕ್ಕೆ ಅಂಜಿಕೆ, ನಿದ್ದೆಗೇಡು, ಕುಡಿತವೇ ಕಾರಣ. ಕೆಲವರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕು. ಹೃದಯದ ನಾಳ ಕೆಡುವ ಮೊದಲ ಸೂಚನೆಯೂ ಆಗಿರಬಹುದು. ಕದ್ದು ನುಂಗಿದರೆ ಅದನ್ನೆಲ್ಲ ಪರೀಕ್ಷೆ ಮಾಡುವವರು ಯಾರು?

ಕೊನೆಗೆ ಜೇವರ್ಗಿಯ ಹುಡುಗ. ಇವನ ಪ್ರಶ್ನೆ ಓದಿ ನನ್ನ ನಗು ನಿಂತುಹೋಯಿತು. ‘ಕಾಕಾಗ ಐವತ್ತೆರಡು. ಎದಿನೋವು ಅದ, ನಾಲಗಿ ಕೆಳಗ ಇಡೋ ಗುಳಿಗಿ ಕಿಸೇದಾಗ ಇರ್ತದ. ಮೊನ್ನಿ ರಾತ್ರಿ ತಲಿ ಹಿಡ್ಕೊಂಡು ಕುಂತಿದ್ರು. ಅಂಗಿ ಒಗಿಲಾಕ ಹಾಕುವಾಗ ಈ ಗುಳಿಗಿ ಪಾಕೀಟು ಸಿಕ್ತು. ದೊಡ್ಡವರಿಗೆ ನಾ ಹ್ಯಾಂಗ್ ಹೇಳ್ಲಿ ಅಣ್ಣಾ?’

ಇವತ್ತೇ ಹೇಳು ತಮ್ಮಾ! ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ಆ ನೈಟ್ರೋಗ್ಲಿಸರಿನ್ ಕುಲದ್ದೇ. ಮೇಲೆ ಹೇಳಿದ ನೆಂಟಸ್ತನ ಇದೇ. ಎರಡೂ ಕೂಡಿದರೆ ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ, ಜೀವವೇ ಹೋಗಬಹುದು. ಈ ಜಾತಿಯ ಹೃದಯದ ಔಷಧ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಅದರ ಅಣ್ಣತಮ್ಮ ಟಡಾಲಾಫಿಲ್ಲನ್ನೂ ಮುಟ್ಟಬಾರದು. ಸಿಲ್ಡೆನಾಫಿಲ್ ನುಂಗಿ 24 ತಾಸು, ಟಡಾಲಾಫಿಲ್ ಆದರೆ 48 ತಾಸು ಕಳೆಯುವ ಮುನ್ನ ಎದೆನೋವು ಬಂದರೆ ನಾಲಗೆ ಕೆಳಗೆ ಏನೂ ಇಡದೆ 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ಮೊದಲ ಮಾತೇ ‘ಇಂಥ ಗುಳಿಗೆ, ಇಷ್ಟು ಹೊತ್ತಿಗೆ ನುಂಗಿದ್ದಾರೆ’ ಎಂದಿರಬೇಕು. ನಾಚಿಕೆಯಿಂದ ಅದನ್ನು ಮುಚ್ಚಿಟ್ಟರೆ, ಅಲ್ಲಿ ಕೊಡುವ ಔಷಧವೇ ಮುಳುವಾದೀತು.

ಬಾಯಿಬಿಟ್ಟು ಹೇಳಲು ಆಗದಿದ್ದರೆ ಈ ಪುಟ ಹರಿದು ಕಾಕಾರ ದಿಂಬಿನ ಹತ್ತಿರ ಇಡು. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನೀನು ಹೊರಗೆ ಬೆಂಚಿನ ಮೇಲೆ ಕೂತಿರು. ನಿಮ್ಮ ಊರಲ್ಲೇ ತಾಲ್ಲೂಕು ಆಸ್ಪತ್ರೆ ಇದೆ. ಭೀಮೆಯ ಸೇತುವೆ ದಾಟಿ ಹೋದರೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯೂ ಇದೆ.

ಎಲ್ಲರಿಗೂ ಒಂದು ಮಾತು. ಗುಳಿಗೆ ನುಂಗಿದ ಮೇಲೆ ಎದೆನೋವು, ಮೂರ್ಛೆ, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಅಥವಾ ಕಿವಿ ಕೇಳದಿರುವುದು, ಸಿಡಿಲು ಹೊಡೆದಂಥ ತಲೆನೋವು, ನಾಲ್ಕು ತಾಸು ಕಳೆದರೂ ಇಳಿಯದ ಉದ್ರೇಕ... ಇವುಗಳಲ್ಲಿ ಯಾವುದೇ ಆದರೂ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಜೇವರ್ಗಿಯ ತಮ್ಮಾ, ಕಾಕಾ ಹೇಗಿದ್ದಾರೆಂದು ಒಂದು ಸಾಲು ಬರೆ. ಮಿಕ್ಕವರಿಗೆ ಮುಂದಿನ ವಾರ ಮತ್ತೆ ಸಿನಿಮಾ ಮಾತು!